ಸೌಟು ಹಿಡಿದ ಕಾವಲು

“ಏನಮ್ಮಾ ನಿನ್ನ ಕೆಲಸ?” ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, ಸೌಟು ಹಿಡಿದೇ ಕೇಳಿದರು ಹುಡುಗನ ತಾಯಿ. ಮಗ ಹೇಳದೆ ಕೇಳದೆ ಕರೆತಂದ ಹುಡುಗಿಗೆ ಅವರಿನ್ನೂ ಕೂರು ಎಂದಿರಲಿಲ್ಲ. ‘ಇಲಿಗಳ ಮೇಲೆ ಸಂಶೋಧನೆ’ ಎಂದಷ್ಟೇ ಹೇಳಿ ಸುಮ್ಮನಾಗು ಎಂಬಂತೆ ಹುಡುಗ ಕಣ್ಸನ್ನೆ ಮಾಡಿದ. ಪ್ರಯೋಗಾಲಯದಲ್ಲಿ ದಿನವಿಡೀ ಆಡುವ ಮಾತಿಗೆ ಇಲ್ಲೇಕೆ ನಾಚಿಕೆ ಎಂದುಕೊಂಡಳು ಅವಳು.

“ಹೊಟ್ಟೇಲಿರೋ ಮರಿ ಅರ್ಧ ಗಂಡಿಲೀದು, ಆಂಟಿ. ಹೊರಗಿನದು ಅಂತ ತಾಯಿಯ ಮೈ ಅದನ್ನ ಓಡಿಸಬೇಕಿತ್ತು, ಓಡಿಸಲ್ಲ. ಗಂಡಿನ ವೀರ್ಯದಲ್ಲಿರೋ ಪ್ರೋಟೀನುಗಳು ಮೈ ಕಾಯೋ ಕಣಗಳಿಗೆ ‘ಬರೋರು ನಮ್ಮೋರೇ’ ಅಂತ ಮೊದಲೇ ತಿಳಿಸಿರ್ತವೆ. ಅದು ಹೇಗೆ ಅಂತ ಹುಡುಕ್ತೀನಿ.”

ಹುಡುಗನ ಕಿವಿ ಕೆಂಪಗಾಯಿತು. ತಾಯಿಯ ಸೌಟು ಅವನತ್ತ ತಿರುಗಿತು.

“ಕೇಳಿಸ್ತೇನೋ? ಇಲಿಗಿರೋ ಬುದ್ಧಿ ನಿನಗಿಲ್ವಲ್ಲೋ! ಮೊದಲೇ ನನಗೊಂದು ಮಾತು ಹೇಳೋಕೆ ನಿನಗೇನು ಧಾಡಿಯಾಗಿತ್ತು?” ಎಂದು ಗದರಿ, ಬಾಗಿಲು ಬಿಟ್ಟು ಸರಿದರು. “ನೀನು ಬಾಮ್ಮಾ, ಒಳಗೆ.”