ಹಸಿದ ಕೌದಿ

ಒಣಗಿದ ಜೋಳದ ರೊಟ್ಟಿಯ ವಾಸನೆ ಬಂದರೆ ಇಂದಿಗೂ ನನಗೆ ಬಳ್ಳಾರಿಯ ಆ ಚಿತ್ರಕಲಾ ಪ್ರದರ್ಶನ ನೆನಪಾಗುತ್ತದೆ. ಸ್ವಾತಂತ್ರ್ಯ ಬಂದ ಹೊಸತು. ನಮ್ಮಜ್ಜಿ ಹಳೆ ಸೀರೆಗಳಲ್ಲಿ ಹೊಲಿದ ಕೌದಿಯನ್ನು ಡ್ರಾಯಿಂಗ್ ಮಾಸ್ತರೊಬ್ಬರು ಕೇಳಿ ಒಯ್ದು, ಹೊಸಕಾಲದ ಚಿತ್ರಗಳ ನಡುವೆ ಗೋಡೆಗೆ ತೂಗುಹಾಕಿದ್ದರು. ಅದನ್ನು ನೋಡಲೆಂದೇ ಕುರುಗೋಡಿನಿಂದ ಅಜ್ಜಿ ನನ್ನನ್ನೂ ಕರೆದುಕೊಂಡು ಬಂದಿದ್ದಳು.

ಅವಳು ನೇರ ಹೋಗಿ ಕೌದಿಯ ಕೆಳಮೂಲೆಯನ್ನು ಹಿಚುಕಿ ನೋಡಿದಳು.

"ಯಾರು ಬಿಚ್ಚಿದ್ರಿ ಇದನ್ನ?"

ಮಾಸ್ತರು ಓಡಿಬಂದರು. "ನಾನೇ ಯವ್ವಾ. ಮೂಲ್ಯಾಗ ಏನೋ ಗಂಟಿತ್ತು. ಕಸ ಅಂತ ತೆಗದೆ."

"ಕಸ ಅಲ್ರಿ, ರೊಟ್ಟಿ ಚೂರು. ಹೊಟ್ಟಿ ಹಸದ ಕೌದಿ ಹೊದ್ದರ ನಿದ್ದಿ ಬರಂಗಿಲ್ಲ."

ಅಜ್ಜಿ ಬುತ್ತಿಗಂಟು ಬಿಚ್ಚಿ ರೊಟ್ಟಿ ಮುರಿದಳು. ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿದಾರ ತೆಗೆದು, ನೆಲದ ಮೇಲೆ ಕುಳಿತು, ಆ ಚೂರನ್ನು ಮೂಲೆಯೊಳಗಿಟ್ಟು ಹೊಲಿಯತೊಡಗಿದಳು. ಚಿತ್ರ ನೋಡುತ್ತಿದ್ದ ದೊಡ್ಡ ಮನುಷ್ಯರೆಲ್ಲ ಸುತ್ತ ನೆರೆದರು. ಮಾಸ್ತರು ಚಪ್ಪಲಿ ಬಿಟ್ಟು, ಅವಳ ಎದುರು ಮಂಡಿಯೂರಿ ಕೌದಿಯ ಅಂಚು ಹಿಡಿದರು.

ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದು, "ಹ್ಞಾಂ, ಈಗ ನೋಡ್ರಿ," ಎಂದಳು.

ಅವರೆಲ್ಲ ನೋಡಿದರು. ಇವಳು ನಮ್ಮಜ್ಜಿ ಎಂದು ಎಲ್ಲರಿಗೂ ತಿಳಿಯಲೆಂದು ನಾನು ಅವಳ ಸೆರಗು ಹಿಡಿದು ನಿಂತೆ.