ಹಳೆಯ ಬಾಗಿಲು

ಕಂಪ್ಯೂಟರಿನ ಹೊಸ ಲಾಗಿನ್ ಪರದೆಯ ಮುಂದೆ ಅಣ್ಣನ ಬೆರಳುಗಳು ನಿಂತೇಬಿಟ್ಟವು. ಬಸ್ ಡಿಪೋದ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವನು ಅವನು. ಯಾವ ಅಳತೆಯ ಬೋಲ್ಟ್ ಯಾವ ಗೂಡಿನಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದುದರಿಂದ ಮೆಕ್ಯಾನಿಕ್‌ಗಳ ಬಾಯಲ್ಲಿ ಅವನು ಬೋಲ್ಟಣ್ಣ. ಅವನ ಕುರ್ಚಿಯ ಹಿಂದೆ ತಂಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಡಿಪೋದ ಸರ್ವರ್ ನೋಡಿಕೊಳ್ಳುವವಳು ಅವಳು. ಆ ಹೊಸ ಪರದೆಯನ್ನು ಅಳವಡಿಸಿದವಳೂ ಅವಳೇ.

"ಇನ್ಮೇಲೆ ಎಲ್ಲದಕ್ಕೂ ಒಂದೇ ಪಾಸ್‌ವರ್ಡು," ಎಂದರು ಪಕ್ಕದಲ್ಲಿದ್ದ ಮ್ಯಾನೇಜರ್. "ಹಾಜರಿಗೊಂದು, ಉಗ್ರಾಣಕ್ಕೊಂದು, ವರ್ಕ್‌ಶಾಪಿಗೊಂದು ಅಂತ ನೆನಪಿಟ್ಕೊಳ್ಳೋ ತಾಪತ್ರಯ ತಪ್ತು. ಒಂದ್ಸಲ ಒಳಗೆ ಬಂದ್ರೆ ಎಲ್ಲಾ ಬಾಗಿಲೂ ತೆಗೀತವೆ. ಹಾಕಪ್ಪ, ನೋಡೋಣ."

"ಹಾಕ್ತೀನಿ ಸರ್," ಎಂದ ಅಣ್ಣ. ಹಾಕಲಿಲ್ಲ.

ಅವನ ನೆನಪು ಸೋರಿಹೋಗುತ್ತಿರುವುದು ತಂಗಿಯೊಬ್ಬಳಿಗೇ ಗೊತ್ತಿತ್ತು. ಉಂಡ ಕೈ ಒಣಗುವ ಮುಂಚೆ ಊಟಕ್ಕೆ ಹಾಕು ಎನ್ನುತ್ತಿದ್ದ. ಮನೆಯ ಬೀದಿಯನ್ನೇ ದಾಟಿ ಮುಂದೆ ಹೋಗಿಬಿಡುತ್ತಿದ್ದ. ಆದರೆ ಬೆಳಿಗ್ಗೆ ಬಂದು ಆ ಹಳೆಯ ಬೂದು ಪರದೆಯ ಮುಂದೆ ಕೂತರೆ ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಒಳಗೆ ಹೊಕ್ಕ ಮೇಲೆ ಮಿಕ್ಕ ಕೆಲಸವೂ ಹೇಗೋ ಅವುಗಳ ಹಿಂದೆಯೇ ಬರುತ್ತಿತ್ತು. ನಿವೃತ್ತಿಯವರೆಗೆ ಹೀಗೇ ಸಾಗಿದರೆ ಸಾಕೆಂದು ಅವಳು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡುತ್ತಿದ್ದಳು. ಹೊಸ ಪಾಸ್‌ವರ್ಡನ್ನು ವಾರವಿಡೀ ಮನೆಯಲ್ಲಿ ಬಾಯಿಪಾಠ ಮಾಡಿಸಿದ್ದಳು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಹಿಂದೆ ಅವಳಿಗೆ ಮಗ್ಗಿ ಹೇಳಿಕೊಟ್ಟವನು ಅವನು. ಬಾಯಿಗೆ ಬಂದದ್ದು ಕೈಗೂ ಬರುತ್ತದೆಂದು ನಂಬಿದ್ದೇ ಅವಳ ತಪ್ಪು.

ಅಣ್ಣ ತಿರುಗಿ ಅವಳ ಮುಖ ನೋಡಿದ.

"ಸರ್, ಅಣ್ಣಂದು ತಪ್ಪಿಲ್ಲ," ಎಂದಳು. "ನಮ್ಮ ಸರ್ವರ್ ಗಡಿಯಾರಕ್ಕೂ ಗುರುತು ನೋಡೋ ಸರ್ವರ್ ಗಡಿಯಾರಕ್ಕೂ ಹೊಂದ್ತಿಲ್ಲ. ಎರಡರ ಹೊತ್ತೂ ಬೇರೆಬೇರೆ ಆದ್ರೆ ಯಾರೇ ಬಂದ್ರೂ ಹೊರಗೇ ನಿಲ್ಲಿಸುತ್ತೆ."

ಆ ತೊಂದರೆ ಇದ್ದದ್ದು ನಿಜ. ಅದನ್ನವಳು ಹಿಂದಿನ ವಾರವೇ ಸರಿಮಾಡಿದ್ದಳು. ಮ್ಯಾನೇಜರ್ ಗೊಣಗಿಕೊಂಡು, ಹಾಗಾದರೆ ನಾಳೆಯವರೆಗೆ ಹಳೆಯದೇ ಇರಲಿ ಎಂದು ಹೊರಟುಹೋದರು. ಅವಳು ಬೂದು ಪರದೆಯನ್ನು ಮರಳಿ ತಂದಳು. ಅಣ್ಣನ ಬೆರಳುಗಳು ಸರಸರ ಓಡಿದವು. "ಬಂದೆ ನೋಡು ಒಳಗೆ," ಎಂದು ನಕ್ಕ. ಅವಳಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಹಿರಿಯ ಮೆಕ್ಯಾನಿಕ್ ಕಿಟಕಿಯಿಂದ ಒಂದು ಪೊಟ್ಟಣ ತಳ್ಳಿದ. "ಬೋಲ್ಟಣ್ಣ, ನೀನ್ ಕೊಟ್ಟ ಈ ಬ್ರೇಕ್ ಲೈನಿಂಗು ಬೇರೆ ಗಾಡೀದು. ನನ್ನ ಕೈಗೆ ಬಂತು, ಬಚಾವು. ಹೊಸಬರಾಗಿದ್ರೆ ಹೆಂಗೋ ಕೂರ್ಸಿ ಬಸ್ ಕಳಿಸಿರೋರು." ತಂಗಿಯ ಮುಖವನ್ನೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: "ಇದು ಎರಡ್ನೇ ಸಲ ಕಣಮ್ಮ. ನಾನು ಯಾರಿಗೂ ಹೇಳಿಲ್ಲ."

ಅವನು ಹೋದ ಮೇಲೆ ಅಣ್ಣ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಗಡಿಯಾರ ಸರಿಯಾಗೇ ಇದೆ, ಅಲ್ವಾ ಮರಿ?"

ಅವಳು ಸುಳ್ಳು ಹೇಳಲಾರದೆ ಹೌದೆಂದು ತಲೆಯಾಡಿಸಿದಳು.

"ಹಂಗಾದ್ರೆ ಈ ಹಳೇ ಬಾಗಿಲು ಮುಚ್ಚಿಬಿಡು. ಬಸ್ಸಲ್ಲಿ ಜನ ಕೂತಿರ್ತಾರೆ."

"ಇನ್ನೊಂದು ವಾರ ಕಲಿಸ್ತೀನಿ ಅಣ್ಣ. ಬಂದೇ ಬರುತ್ತೆ."

"ಬೇಡ." ಅವನು ಎದ್ದು ಉಗ್ರಾಣದ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟ. "ನಡಿ, ಸಾಹೇಬ್ರಿಗೆ ನಾನೇ ಹೇಳ್ತೀನಿ. ಬೇಗ ನಡಿ, ಮರ್ತುಹೋಗೋದ್ರೊಳಗೆ."

ಹೇಳಿದ, ಒಂದು ಮಾತೂ ಬಿಡದೆ ಹೇಳಿದ. ಅಂದು ಸಂಜೆಯೊಳಗೆ ಅವಳು ಬೂದು ಪರದೆಯನ್ನು ಸರ್ವರಿನಿಂದ ತೆಗೆದುಹಾಕಿದಳು. ತನ್ನ ಕೆಲಸ ಸರಿಯಾದದ್ದಕ್ಕೆ ಅವಳು ಅತ್ತದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಮೇಜಿನ ಮುಂದೆ ಕೂತಿದ್ದ. ಬರಿಯ ಮರದ ಮೇಲೆ ಅವನ ಬೆರಳುಗಳು ಸರಸರ ಓಡಿದವು, ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ಕಿರುಬೆರಳಿನಿಂದ ಒಮ್ಮೆ ಒತ್ತಿ, ತಲೆಯೆತ್ತಿ, ಎದುರಿನ ಗೋಡೆಯನ್ನೇ ನೋಡುತ್ತ ಅವನು ಕಾಯತೊಡಗಿದ.