ನನ್ನ ಕೆರೆ, ಸರೋಜಳ ಕೆರೆ

ಎಲ್ಲಿ ಬೇಕಾದರೂ ತಿರುಗಾಡಬಹುದಾದ ಆ ಮೊಬೈಲ್ ಆಟಗಳಲ್ಲಿ ಯಾವುದು ಯಾವುದನ್ನು ಕಾಪಿ ಹೊಡೆದಿದೆ ಎಂದು ನೀವು ಜಗಳವಾಡುವಾಗ, ಮಕ್ಕಳೇ, ನನಗೆ ಒದ್ದೆ ಮಣ್ಣಿನ ವಾಸನೆ ಬರುತ್ತದೆ.

ಯಲ್ದೂರಿನ ನಮ್ಮ ಹಿತ್ತಲಲ್ಲಿ ನಾನೊಂದು ಮಣ್ಣಿನ ಊರು ಕಟ್ಟಿದ್ದೆ. ಮಾವಿನ ವಾಟೆಗಳೇ ದನಗಳು, ನಡುವೆ ಕೆರೆ. ಪಕ್ಕದ ಮನೆಯ ಸರೋಜ ಅದನ್ನು ನೋಡಿಹೋಗಿ ತನ್ನ ಅಂಗಳದಲ್ಲೂ ಅಂಥದ್ದೇ ಊರು ಕಟ್ಟಿದಳು. ಅವಳ ಕೆರೆಗೆ ಪರಂಗಿ ಎಲೆಯ ಟೊಳ್ಳು ದಂಟಿನ ತೂಬಿತ್ತು. ನೀರು ಗದ್ದೆಗೆ ಹರಿಯುತ್ತಿತ್ತು. ಮಕ್ಕಳೆಲ್ಲ ಅಲ್ಲಿಗೇ ಓಡಿದರು. ನನಗೆ ಹೊಟ್ಟೆ ಉರಿಯಿತು.

“ಅವ್ಳು ನನ್ನ ಕೆರೆ ಕದ್ಬಿಟ್ಲು ಕಣಜ್ಜಿ,” ಎಂದೆ.

ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. “ನೀನು ಊರ ಕೆರೆ ಕದ್ಯಲ್ಲ, ಊರೋರು ಅತ್ರೇನೇ?”

ನಾನು ಹೋಗಿ ಪರಂಗಿ ದಂಟು ಮುರಿದು ತಂದು, ನನ್ನ ಕೆರೆಗೆ ಎರಡು ತೂಬು ಇಟ್ಟೆ. ಸಂಜೆ ಸರೋಜ ಬೇಲಿಯಾಚೆ ತುದಿಗಾಲಲ್ಲಿ ನಿಂತು ಇಣುಕುತ್ತಿದ್ದಳು.